ಗೇಮ್ ಉಳಿಯಬೇಕಾದರೆ ಡಿಸ್ಕೇ ಬೇಕಾ?

ಪರ: ಕೈಯಲ್ಲಿದ್ದರೆ ಮಾತ್ರ ನಮ್ಮದು

ಮಂಗಳೂರಿನ ಎಷ್ಟೋ ಮನೆಗಳಿಗೆ ವಿಡಿಯೋ ಗೇಮ್ ಬಂದದ್ದು ಗಲ್ಫ್‌ನಿಂದ. ರಜೆಗೆ ಊರಿಗೆ ಬರುವ ಮಾವನ ಪೆಟ್ಟಿಗೆಯಲ್ಲಿ ಸೆಂಟ್ ಬಾಟಲಿ, ಟ್ಯಾಂಗ್ ಡಬ್ಬಿ, ಅದರ ಜೊತೆ ಒಂದು ಕ್ಯಾಸೆಟ್ಟೋ ಡಿಸ್ಕೋ ಇರುತ್ತಿತ್ತು. ಒಬ್ಬರು ಆಡಿ ಮುಗಿಸಿದ ಮೇಲೆ ಅದು ಪಕ್ಕದ ಮನೆಗೆ ಹೋಗುತ್ತಿತ್ತು. ಅಲ್ಲಿಂದ ಶಾಲೆಯ ಬ್ಯಾಗಿನೊಳಗೆ ಇನ್ನೊಬ್ಬನ ಮನೆಗೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೀಗೆ ಕೈಯಿಂದ ಕೈಗೆ ಹೋಗುವ ವಸ್ತು ಸುಲಭದಲ್ಲಿ ಕಳೆದುಹೋಗುವುದಿಲ್ಲ. ಗೇಮ್ ಉಳಿಯಬೇಕಾದರೆ ಅದು ಜನರ ಮನೆಗಳಲ್ಲಿ ಇರಬೇಕು ಎಂದು ನಾನು ನಂಬುತ್ತೇನೆ.

ಇಂಟರ್‌ನೆಟ್‌ನಿಂದ ಗೇಮ್ ಇಳಿಸಿಕೊಳ್ಳುವ ಡಿಜಿಟಲ್ ಅಂಗಡಿಯಲ್ಲಿ ದುಡ್ಡು ಕೊಟ್ಟಾಗ ನಮಗೆ ಸಿಗುವುದು ಆಡುವ ಪರವಾನಗಿ ಮಾತ್ರ. ಇದನ್ನು ಈಗ ಅಂಗಡಿಯವರೇ ಹೇಳುತ್ತಿದ್ದಾರೆ. 2024ರ ಅಕ್ಟೋಬರ್‌ನಿಂದ ಸ್ಟೀಮ್ ಎಂಬ ಕಂಪ್ಯೂಟರ್ ಗೇಮ್ ಅಂಗಡಿಯಲ್ಲಿ ದುಡ್ಡು ಕಟ್ಟುವ ಪುಟದಲ್ಲೇ ಆ ಸಾಲು ಉಂಟು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಅದನ್ನು ಹೇಳಲೇಬೇಕೆಂಬ ಕಾನೂನೂ ಬಂದಿದೆ.

ಪರವಾನಗಿ ಕೊಟ್ಟವರು ಅಂಗಡಿ ಮುಚ್ಚಿದರೆ ಏನಾಗುತ್ತದೆ ಎಂದು ನೋಡಿದ್ದೇವೆ. ನಿಂಟೆಂಡೊ 2023ರ ಮಾರ್ಚ್ 27ರಂದು 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಅಲ್ಲಿ ಮಾತ್ರ ಸಿಗುತ್ತಿದ್ದ ನೂರಾರು ಸಣ್ಣ ಗೇಮ್‌ಗಳನ್ನು ಅವತ್ತಿನಿಂದ ಹೊಸಬರು ಕೊಳ್ಳುವ ಹಾಗಿಲ್ಲ. 3ಡಿಎಸ್‌ನ ಗೇಮ್ ಕಾರ್ಡ್ ಮಾತ್ರ ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ, ಯಂತ್ರಕ್ಕೆ ಹಾಕಿದರೆ ಓಡುತ್ತದೆ. ಸೋನಿ ಕೂಡ 2021ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 3 ಮತ್ತು ವೀಟಾ ಯಂತ್ರಗಳ ಅಂಗಡಿ ಮುಚ್ಚುತ್ತೇವೆ ಎಂದಿತ್ತು. ಜನ ಗಲಾಟೆ ಎಬ್ಬಿಸಿದ್ದಕ್ಕೆ ಮುಂದಿನ ತಿಂಗಳೇ ಹಿಂದೆ ಸರಿಯಿತು. ಎಲ್ಲರೂ ಸುಮ್ನೆ ಕೂತಿದ್ದರೆ?

ಪಿ.ಟಿ. ಎಂಬ ಹೆದರಿಕೆಯ ಗೇಮಿನ ಕತೆ ಇನ್ನೂ ಬೇಸರದ್ದು. ಗೇಮ್ ನಿರ್ದೇಶಕ ಹಿಡಿಯೊ ಕೊಜಿಮಾ ಮತ್ತು ಸಿನಿಮಾ ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಸೇರಿ ಮಾಡಿದ ಈ ಚಿಕ್ಕ ಗೇಮ್ 2014ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂತು, ಪುಕ್ಕಟೆಯಾಗಿ. 2015ರಲ್ಲಿ ಅದನ್ನು ಹೊರತಂದ ಕೊನಾಮಿ ಕಂಪನಿಯೇ ಅದನ್ನು ಅಂಗಡಿಯಿಂದ ತೆಗೆಸಿತು. ಡಿಸ್ಕ್ ಯಾವತ್ತೂ ಬಂದಿರಲಿಲ್ಲ. ಆಗ ಇಳಿಸಿಕೊಂಡು ಅಳಿಸದೆ ಬಿಟ್ಟವರ ಯಂತ್ರಗಳಲ್ಲಿ ಮಾತ್ರ ಮೂಲ ಗೇಮ್ ಉಳಿದಿದೆ. ಆ ಹಾರ್ಡ್‌ಡಿಸ್ಕ್ ಕೆಟ್ಟರೆ ಅಲ್ಲಿಗೆ ಮುಗೀತು.

ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಲೆಕ್ಕ ಕೊಟ್ಟಿತು. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ನೂರಕ್ಕೆ 87 ಈಗ ಮಾರಾಟದಲ್ಲೇ ಇಲ್ಲ. ಅವುಗಳನ್ನು ಆಡಿ ನೋಡಬೇಕು ಎನ್ನುವವರಿಗೆ ಹಳೆಯ ಡಿಸ್ಕ್, ಹಳೆಯ ಕ್ಯಾಸೆಟ್ಟೇ ಗತಿ.

ನಮ್ಮ ದೇಶದ್ದೂ ಹೇಳಬೇಕು. 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ಮಾಡಿತು. ಗೇಮ್ ಅಷ್ಟಕ್ಕಷ್ಟೆ. ಆದರೂ ಭಾರತದಲ್ಲಿ ಕನ್ಸೋಲ್‌ಗೆ, ಅಂದರೆ ಗೇಮ್ ಆಡಲೆಂದೇ ಮಾಡಿದ ಯಂತ್ರಕ್ಕೆ, ಗೇಮ್ ಮಾಡಲು ಕೈ ಹಾಕಿದ ಮೊದಮೊದಲ ಪ್ರಯತ್ನ ಅದು. ಅದರ ಡಿಸ್ಕ್ ಇರುವವರೆಗೆ ಇಡೀ ಗೇಮ್ ಉಂಟು, ಯಾಕೆಂದರೆ ಪ್ಲೇಸ್ಟೇಷನ್ 2ರಲ್ಲಿ ಆಮೇಲೆ ಇಳಿಸಿಕೊಳ್ಳುವ ಪ್ಯಾಚ್, ಅಂದರೆ ತಿದ್ದುಪಡಿಯ ಫೈಲ್, ಎಂಬುದು ಇರಲಿಲ್ಲ.

ಪ್ಲೇಸ್ಟೇಷನ್ 2ರ ಹಳೆಯ ಡಬ್ಬಿಯೊಂದನ್ನು ತೆರೆದು ನೋಡಿ. ಡಿಸ್ಕಿನ ಅಡಿಭಾಗ ನೀಲಿ ಇದ್ದರೆ ಅದು ಸಿಡಿ, ಬೆಳ್ಳಿ ಬಣ್ಣವಿದ್ದರೆ ಡಿವಿಡಿ. ಎಡಗಡೆ ಮೆಮೊರಿ ಕಾರ್ಡ್ ಸಿಕ್ಕಿಸುವ ಗೂಡು. ಅದರ ಮೇಲೆ ಕ್ಲಿಪ್ಪಿನಲ್ಲಿ ಸಣ್ಣ ಪುಸ್ತಕ, ಯಾವ ಬಟನ್ ಒತ್ತಿದರೆ ಏನು ಎಂಬ ಚಿತ್ರ. ಕೊನೆಯ ಖಾಲಿ ಹಾಳೆಯಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ಬರೆದಿಟ್ಟ ಚೀಟ್ ಕೋಡ್, ಅಂದರೆ ಗೇಮನ್ನು ಸುಲಭ ಮಾಡುವ ಗುಟ್ಟು. ಇದೂ ಆ ಗೇಮಿನ ಚರಿತ್ರೆಯೇ ಅಲ್ವಾ? ಡೌನ್‌ಲೋಡಿನಲ್ಲಿ ಇದು ಯಾವುದೂ ಬರುವುದಿಲ್ಲ.

ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯ 2000ದಿಂದ ಪೆಟ್ಟಿಗೆಯಲ್ಲಿ ಬರುವ ಗೇಮ್‌ಗಳನ್ನೂ ಪುಸ್ತಕದ ಹಾಗೆ ಸಂಗ್ರಹಿಸುತ್ತಿದೆ. ವಸ್ತು ಇದ್ದರೆ ಅದನ್ನು ತಂದು ಕಪಾಟಿನಲ್ಲಿ ಇಡಬಹುದು. ಪರವಾನಗಿಯನ್ನು ಎಲ್ಲಿ ಇಡುವುದು? 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕನ್ಸೋಲ್‌ಗೆ ಡಿಸ್ಕ್ ಓದುವ ಡ್ರೈವೇ ಇಲ್ಲ. 2024ರ ಪ್ಲೇಸ್ಟೇಷನ್ 5 ಪ್ರೊಗೆ ಡ್ರೈವನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ನಾವು ಕೇಳುವುದನ್ನು ನಿಲ್ಲಿಸಿದರೆ ಅವರು ಕೊಡುವುದನ್ನೂ ನಿಲ್ಲಿಸುತ್ತಾರೆ. ಅದಕ್ಕೇ ಕನ್ಸೋಲ್ ಕೊಳ್ಳುವಾಗ ಡ್ರೈವ್ ಇರುವುದನ್ನೇ ಕೊಳ್ಳಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ.

ವಿರೋಧ: ಉಳಿಸುವುದು ನಕಲು, ಡಿಸ್ಕ್ ಅಲ್ಲ

ಮಂಗಳೂರಿನ ಗೆಳೆಯರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಕೂತು ಡಿಸ್ಕನ್ನು ನಂಬಿ ಎನ್ನುವುದು ಹೇಗೆ ಮಾರಾಯ್ರೆ?

ಉಡುಪಿಯ ಒಂದು ಮಳೆಗಾಲ ಕಪಾಟಿನಲ್ಲೇ ಇದ್ದ ಡಿಸ್ಕನ್ನು ಸೆಪ್ಟೆಂಬರ್‌ನಲ್ಲಿ ಹೊರಗೆ ತೆಗೆಯಿರಿ. ಡಬ್ಬಿಯ ಕಾಗದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತದೆ. ಡಿಸ್ಕಿನ ಮೇಲೆ ಬೂಷ್ಟಿನ ಬೆಳ್ಳನೆಯ ಎಳೆಗಳು. ಬೂಷ್ಟನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಬಹುದು. ಆಮೇಲೆ ಡಿಸ್ಕನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ಸೂಜಿಮೊನೆಯಷ್ಟು ತೂತುಗಳಿಂದ ಬೆಳಕು ತೂರಿ ಬಂದರೆ ಒಳಗಿನ ಅಲ್ಯೂಮಿನಿಯಂ ಪದರ ತಿಂದುಹೋಗಿದೆ ಎಂದರ್ಥ. ಅಲ್ಲಿದ್ದ ಡೇಟಾ ಹೋಯಿತು, ಯಾವ ಪಾಲಿಶ್ ಮಾಡಿದರೂ ಬರುವುದಿಲ್ಲ. ಡಿಸ್ಕ್ ಚೆನ್ನಾಗಿದ್ದರೂ ಅದನ್ನು ಓದುವ ಲೇಸರ್‌ಗೆ ಆಯುಸ್ಸು ಮುಗಿಯುತ್ತದೆ. ಕ್ಯಾಸೆಟ್ಟಿನ ಪಾಡೂ ಅಷ್ಟೆ. ಪೋಕೆಮಾನ್ ಗೋಲ್ಡ್, ಸಿಲ್ವರ್ ಕ್ಯಾಸೆಟ್ಟುಗಳೊಳಗೆ ಒಂದು ಬಟನ್ ಸೆಲ್ ಉಂಟು. ಅದು ಸತ್ತ ದಿನ ಸೇವ್ ಮಾಡಿದ್ದೂ ಅಳಿಸಿಹೋಗುತ್ತದೆ.

ಈಗಿನ ಡಿಸ್ಕಿನಲ್ಲಿ ಗೇಮ್ ಪೂರ್ತಿ ಇರುತ್ತದೆ ಎಂದು ಹೇಳಲೂ ಬರುವುದಿಲ್ಲ. ಬಿಡುಗಡೆಯ ದಿನವೇ ದೊಡ್ಡ ಪ್ಯಾಚ್ ಬರುತ್ತದೆ. ನಿಂಟೆಂಡೊದ 2025ರ ಕನ್ಸೋಲ್ ಸ್ವಿಚ್ 2ಕ್ಕೆ ಬರುವ ಕೆಲವು ಗೇಮ್-ಕೀ ಕಾರ್ಡ್‌ನಲ್ಲಿ ಗೇಮೇ ಇಲ್ಲ. ಕಾರ್ಡ್ ಹಾಕಿದ ಮೇಲೆ ಇಂಟರ್‌ನೆಟ್‌ನಿಂದ ಇಳಿಸಬೇಕು. ಯೂಬಿಸಾಫ್ಟ್‌ನ ‘ದ ಕ್ರೂ’ ಎಂಬ ಕಾರು ಓಡಿಸುವ ಗೇಮನ್ನು ಜನ ಡಿಸ್ಕಿನಲ್ಲೇ ಕೊಂಡಿದ್ದರು. ಅದು ಓಡಲು ಬೇಕಾದ ಕಂಪನಿಯ ಸರ್ವರ್ 2024ರ ಮಾರ್ಚ್ 31ಕ್ಕೆ ಮುಚ್ಚಿತು. ಡಿಸ್ಕ್ ಕೈಯಲ್ಲೇ ಉಂಟು, ಗೇಮ್ ಮಾತ್ರ ಓಡುವುದಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಕಾಡುವ ಮಾತು ಬೇರೆ. ನಮ್ಮ ಮಕ್ಕಳು ಆಡುವುದು ಫೋನಿನಲ್ಲಿ. ಮಲ್ಪೆ ಬೀಚಿನಲ್ಲಿ, ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ, ಮಣಿಪಾಲದ ಹಾಸ್ಟೆಲಿನಲ್ಲಿ ಎಲ್ಲರ ಕೈಯಲ್ಲೂ ಅದೇ. ಫೋನ್ ಗೇಮಿಗೆ ಡಿಸ್ಕ್ ಎಲ್ಲಿಂದ ಬರಬೇಕು? ಪಬ್‌ಜಿ ಮೊಬೈಲ್ ಅನ್ನು ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು, ಅಕ್ಟೋಬರ್ 30ಕ್ಕೆ ಭಾರತದವರಿಗೆ ಸರ್ವರ್ ಬಂದ್ ಆಯಿತು. ನಿಷೇಧ ಸರಿಯೋ ತಪ್ಪೋ ಬೇರೆ ಚರ್ಚೆ. ಒಂದು ತಲೆಮಾರು ಹಗಲು ರಾತ್ರಿ ಆಡಿದ ಆ ಗೇಮ್ ಆಗ ಹೇಗಿತ್ತು ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಏನಿದೆ? ಆಪಲ್ 2017ರಲ್ಲಿ ಐಫೋನಿಗೆ ಐಒಎಸ್ 11 ತಂತ್ರಾಂಶ ತಂದಾಗ 32 ಬಿಟ್ ಎಂಬ ಹಳೆಯ ಮಾದರಿಯ ಆ್ಯಪ್‌ಗಳೆಲ್ಲ ಒಂದೇ ಸಲ ನಿಂತವು. ಅವುಗಳಲ್ಲಿ ಗೇಮ್‌ಗಳೂ ಬೇಕಾದಷ್ಟು ಇದ್ದವು. ಡಿಸ್ಕಿನ ವಾದ ಇವರನ್ನೆಲ್ಲ ಹೊರಗೆ ನಿಲ್ಲಿಸಿ ಬಾಗಿಲು ಹಾಕುತ್ತದೆ.

ನಮ್ಮ ಕಡೆ ಓದುವ ಮನೆತನಗಳಲ್ಲಿ ತಾಳೆಗರಿ ಉಳಿಸಿಕೊಂಡು ಬಂದ ರೀತಿ ನಿಮಗೆ ಗೊತ್ತು. ಒಂದು ಪ್ರತಿ ಹಾಳಾಗುವ ಮೊದಲು ಇನ್ನೊಂದಕ್ಕೆ ನಕಲು ಮಾಡಿಕೊಂಡರು. ಗೇಮಿಗೂ ಅದೇ ದಾರಿ. ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ಯಂತ್ರಗಳ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಂಬ ತಂತ್ರಾಂಶ 1997ರಿಂದ ಈ ಕೆಲಸ ಮಾಡುತ್ತಾ ಬಂದಿದೆ. ಬ್ರೌಸರಿನಲ್ಲಿ ಗೇಮ್ ಓಡಿಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶ 2020ರ ಕೊನೆಗೆ ನಿಂತಿತು. ಅಂಥ ಗೇಮ್‌ಗಳನ್ನು ಫ್ಲ್ಯಾಶ್‌ಪಾಯಿಂಟ್ ಎಂಬ ಯೋಜನೆಯ ಸ್ವಯಂಸೇವಕರು ಹುಡುಕಿ ಇಟ್ಟುಕೊಂಡಿದ್ದಾರೆ, ಈಗ ಲಕ್ಷಕ್ಕೂ ಜಾಸ್ತಿ. 2008ರಲ್ಲಿ ಶುರುವಾದ ಜಿಓಜಿ ಎಂಬ ಆನ್‌ಲೈನ್ ಅಂಗಡಿ ನಕಲು ತಡೆಯುವ ಬೀಗ ಹಾಕದ ಫೈಲನ್ನೇ ಕೊಡುತ್ತದೆ. ಅದನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟು, ಒಂದನ್ನು ಬೆಂಗಳೂರಿನ ತಮ್ಮನ ಮನೆಯಲ್ಲಿ ಇಡಿ. ಡಿಜಿಟಲ್ ಎಂದರೆ ಕಂಪನಿಯ ಸರ್ವರ್‌ಗೆ ಕಟ್ಟಿಹಾಕಿದ್ದು ಎಂದೇ ಆಗಬೇಕಿಲ್ಲ.

ಹಾಗಾಗಿ ಜಗಳ ಆಡಬೇಕಾದದ್ದು ಕಾನೂನಿನ ಹತ್ತಿರ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ, ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮ್ ಹಾಳಾಗದಂತೆ ಬ್ಯಾಕಪ್ ಮಾಡಿಕೊಳ್ಳಲು ಬಿಡುತ್ತದೆ. ಆದರೆ ಪ್ರಕಾಶಕರು ಗ್ರಂಥಾಲಯಗಳಿಗೆ ಪ್ರತಿ ಕೊಡಬೇಕೆನ್ನುವ 1954ರ ಕಾಯ್ದೆ ಇರುವುದು ಪುಸ್ತಕ, ಪತ್ರಿಕೆಗಳಿಗೆ. ಗೇಮ್ ಅದರಲ್ಲಿ ಇಲ್ಲ. ಅಮೆರಿಕದಲ್ಲೂ ಗ್ರಂಥಾಲಯಗಳು ಹಳೆಯ ಗೇಮ್‌ಗಳನ್ನು ಸಂಶೋಧಕರಿಗೆ ದೂರದಿಂದಲೇ ಆಡಲು ಕೊಡಲು ಅನುಮತಿ ಕೇಳಿದಾಗ 2024ರ ಅಕ್ಟೋಬರ್‌ನಲ್ಲಿ ಕಾಪಿರೈಟ್ ಕಚೇರಿ ಇಲ್ಲ ಎಂದಿತು. ಯುರೋಪಿನಲ್ಲಿ ಮಾತ್ರ ಜನ ಎದ್ದಿದ್ದಾರೆ. ‘ದ ಕ್ರೂ’ ಮುಚ್ಚಿದ ಸಿಟ್ಟಿನಲ್ಲಿ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ 2025ರ ಜುಲೈಗೆ 10 ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಅವರು ಕೇಳುವುದು ಇಷ್ಟೇ: ಕಂಪನಿ ಗೇಮನ್ನು ಕೈಬಿಡುವಾಗ, ಕೊಂಡವರು ಮುಂದೆಯೂ ಆಡುವ ಹಾಗೆ ಮಾಡಿ ಬಿಟ್ಟುಹೋಗಲಿ. ನಮ್ಮಲ್ಲೂ ಅದನ್ನೇ ಕೇಳಬೇಕು, ಫೋನ್ ಗೇಮುಗಳನ್ನೂ ಸೇರಿಸಿ.