ಸತ್ಯಾಂಶ: ಬರ್ಲಿನ್‌ನ ಇಟ್ಟಿಗೆ ಹೆಂಗಸರು

ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತು ಇಟ್ಟಿಗೆ ದಾಟಿಸುವ ಹೆಂಗಸರ ಕಪ್ಪುಬಿಳುಪು ಚಿತ್ರ ವಾಟ್ಸಾಪಿನಲ್ಲಿ ಸುತ್ತುತ್ತಿದೆ. '1945ರ ನಂತರ ಜರ್ಮನಿಯ ಹೆಂಗಸರೆಲ್ಲ ಕೂಲಿ ಕೇಳದೆ ದೇಶ ಕಟ್ಟಿದರು, ನಾವೋ?' ಎಂಬ ಒಕ್ಕಣೆ ಬೇರೆ.

ಚಿತ್ರದಂಥ ಹೆಂಗಸರು ಇದ್ದದ್ದು ನಿಜ. ಎರಡನೇ ಮಹಾಯುದ್ಧದಲ್ಲಿ ಕುಸಿದ ಕಟ್ಟಡಗಳ ಅವಶೇಷ ತೆರವು ಮಾಡಲು ಬರ್ಲಿನ್‌ನಲ್ಲಿ ಸುಮಾರು 60,000 ಮಂದಿ ಹೀಗೆ ದುಡಿದರು. ಆದರೆ ಪುಕ್ಕಟೆ ಅಲ್ಲ. ಗಂಟೆಗೆ 72 ಫೆನಿಗ್ (ಅಲ್ಲಿನ ಪೈಸೆ) ಕೂಲಿ. ಅದಕ್ಕಿಂತ ದೊಡ್ಡ ಆಸೆ ರೇಷನ್ ಚೀಟಿಯದು. ಮನೆಯಲ್ಲಿರುವ ಗೃಹಿಣಿಗೆ ಸಿಗುತ್ತಿದ್ದ ಕಡೇ ದರ್ಜೆಯ ಚೀಟಿಗೆ ಜನ ಇಟ್ಟ ಹೆಸರೇ 'ಸ್ಮಶಾನದ ಚೀಟಿ'. ಸುತ್ತಿಗೆ ಹಿಡಿದು ಹಳೇ ಇಟ್ಟಿಗೆಗೆ ಅಂಟಿದ ಗಾರೆ ಕೆರೆದರೆ ಎರಡನೇ ದರ್ಜೆಯ ಚೀಟಿ, ಅಂದರೆ ಹೆಚ್ಚು ರೊಟ್ಟಿ. ಹಸಿವೆಯನ್ನು ದೇಶಭಕ್ತಿ ಅನ್ನುವುದು ನನಗಂತೂ ಸರಿಕಾಣದು.

ಎಲ್ಲರೂ ಇಷ್ಟಪಟ್ಟು ಬಂದವರೂ ಅಲ್ಲ. ನಾಜಿ ಪಕ್ಷದಲ್ಲಿದ್ದವರನ್ನು ಶಿಕ್ಷೆಯಾಗಿ ಈ ಕೆಲಸಕ್ಕೆ ಹಚ್ಚಿದ್ದರು, ಯುದ್ಧಕೈದಿಗಳನ್ನೂ ದುಡಿಸಿಕೊಂಡರು. ಇನ್ನು ದೇಶದ ಒಟ್ಟು ಅವಶೇಷದ ಬಹುಪಾಲನ್ನು ಎತ್ತಿದ್ದು ಯಂತ್ರ, ಲಾರಿ, ಪುಟ್ಟ ರೈಲುಗಳಿದ್ದ ಕಟ್ಟಡ ಕಂಪನಿಗಳು. ಬರ್ಲಿನ್‌ನ ಟಾಯ್ಫೆಲ್ಸ್‌ಬರ್ಗ್ ಗುಡ್ಡ ಅಂಥ ಅವಶೇಷವನ್ನೇ ಸುರಿದು ಎದ್ದದ್ದು. ಈಗ ಅದರ ಮೇಲೆ ಮರ ಬೆಳೆದಿವೆ.