ಲಾಗ್ ಎಲ್ಲಿಂದ ತರಲಿ ಸ್ವಾಮಿ?

"ಡೆವಲಪ್‌ಮೆಂಟ್ ವರ್ಷನ್ ಅಲ್ವಾ, ಹಂಗೇ ಇರುತ್ತೆ." ನನ್ನ ಮೆಷಿನ್ನಿನ ಲಿನಕ್ಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) ಇನ್ನೂ ಪರೀಕ್ಷೆಯಲ್ಲಿರೋ ವರ್ಷನ್; ಅದು ಡಿಸ್ಕ್ ಕೆಡಿಸ್ತಿದೆ ಅಂತ ದೂರಿದ್ದಕ್ಕೆ ಇದೂ ಒಂದು ಉತ್ತರವಾ?

ಮತ್ತೆ ಅದೇ ಆಯಿತು. ರೂಟ್ ಪಾರ್ಟಿಷನ್ (ಸಿಸ್ಟಮ್ ಇರೋ ಡಿಸ್ಕ್ ಭಾಗ) ರೀಡ್-ಓನ್ಲಿ, ಅಂದ್ರೆ ಓದಬಹುದು, ಬರೆಯೋಕಾಗಲ್ಲ; ಆಮೇಲೆ ಪೂರ್ತಿ ಹ್ಯಾಂಗ್. ಲಾಗ್ (ಏನೇನಾಯಿತು ಅಂತ ಸಿಸ್ಟಮ್ ಬರೆದಿಡೋ ದಾಖಲೆ) ಕೊಡಿ ಅಂತಾರೆ. ಡಿಸ್ಕ್‌ಗೆ ಬರೆಯೋಕೇ ಆಗದಿದ್ದಾಗ ಲಾಗ್ ಹೋಗಿ ಕೂರೋದೆಲ್ಲಿ? ರೀಬೂಟ್ ಮಾಡಿ ನೋಡಿದರೆ ಎರರ್‌ಗೆ ಮುಂಚಿನ ಸಾಲಿಗೇ ನಿಂತಿದೆ. ಇದ್ದದ್ದು ಫೋನಲ್ಲಿ ತೆಗೆದ ಒಂದು ಫೋಟೋ. ಅದರಲ್ಲೂ "ರಿಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ" ಅನ್ನೋ ಬಾಲ ಮಾತ್ರ. ಬೇಕಾದದ್ದು ಮೊದಲ ಎರರ್. ಅದು ಅಷ್ಟರಲ್ಲಿ ಮೇಲೆ ಸರಿದುಹೋಗಿತ್ತು.

ಆ ಫೋಟೋವನ್ನೇ ನಮ್ಮ ಸೀನಿಯರ್ ಮೀಟಿಂಗ್‌ನಲ್ಲಿ ಎಲ್ಲರೆದುರು ಹಾಕಿದರು. ಝೂಮ್ ಮಾಡಿದರು. ಮಸುಕು ಅಕ್ಷರ, ಮಧ್ಯೆ ನನ್ನ ಹೆಬ್ಬೆರಳಿನ ನೆರಳು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಸೀನಿಯರೇ ನಿಧಾನಕ್ಕೆ, "ಸೂಪರ್‌ಬ್ಲಾಕ್‌ನಲ್ಲಿ (ಫೈಲ್‌ಸಿಸ್ಟಮ್ ತನ್ನ ವಿವರ ಇಟ್ಟುಕೊಳ್ಳೋ ಜಾಗ) ಮೊದಲ ಎರರ್‌ನ ಟೈಮು, ಫಂಕ್ಷನ್, ಲೈನ್ ನಂಬರ್ ಎಲ್ಲ ಇರುತ್ತೆ. ಎಫ್‌ಎಸ್‌ಸಿಕೆ (ಡಿಸ್ಕ್ ರಿಪೇರಿ ಪ್ರೋಗ್ರಾಮ್) ಯಾಕ್ರೀ ಓಡಿಸಿದ್ರಿ? ಅದು ಅಳಿಸಿಹಾಕುತ್ತೆ." ನಾನೆಲ್ಲಿ ಓಡಿಸಿದೆ! ಬೂಟ್ ಆಗುವಾಗ ತಾನಾಗೇ ಓಡಿ, ರಿಪೇರಿ ಮಾಡಿ, ಗುರುತೂ ಒರೆಸಿ ಹೋಯಿತು. ಕೊಲೆಯಾದ ಮನೆಯನ್ನ ಪೊಲೀಸರು ಬರೋಕೆ ಮುಂಚೆ ಗುಡಿಸಿ ಸಾರಿಸಿದ ಹಾಗೆ. ಇದನ್ನ ಹೇಳಬೇಕಿತ್ತು. ಬಾಯಿಂದ ಬಂದದ್ದು "ಸಾರಿ ಸರ್". ಯಾತಕ್ಕೆ ಸಾರಿ? ದೇವರಿಗೇ ಗೊತ್ತು. ಡಿಸ್ಕ್ ರೀಡ್-ಓನ್ಲಿ ಆದರೆ ನಾನೂ ಹಂಗೇ ಆಗ್ತೀನಿ ಅನ್ಸುತ್ತೆ.

ಹಾರ್ಡ್‌ವೇರ್ ಹೋಗಿದೆಯಂತೆ. ಸ್ಮಾರ್ಟ್ ರಿಪೋರ್ಟ್‌ನಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡೋ ವರದಿ) ಒಂದು ಸೆಕ್ಟರ್ ಕೂಡ ಕೆಟ್ಟಿಲ್ಲ. ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಿದೆ, ಕ್ಲೀನ್. ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿದರೆ ಎರರ್ ಸುಳಿವೇ ಇಲ್ಲ. ಇನ್ನೇನು ಬೇಕು?

"ಸ್ಟೇಬಲ್ (ಪರೀಕ್ಷೆ ಮುಗಿಸಿ ಬಿಟ್ಟ ವರ್ಷನ್) ಹಾಕ್ಕೊಳ್ಳಿ." ಹೌದಾ? 2023ರ ಡಿಸೆಂಬರ್‌ನಲ್ಲಿ ಇಎಕ್ಸ್‌ಟಿ4 (ಲಿನಕ್ಸ್‌ನಲ್ಲಿ ಡಿಸ್ಕ್ ಮೇಲೆ ಫೈಲ್ ಜೋಡಿಸಿಡೋ ಒಂದು ಫೈಲ್‌ಸಿಸ್ಟಮ್) ಡೇಟಾ ಕೆಡಿಸಿದ್ದು 6.1.64, ಸ್ಟೇಬಲ್ ಕರ್ನಲ್ಲೇ. ಅದರಿಂದ ಡೆಬಿಯನ್ ಅನ್ನೋ ಲಿನಕ್ಸ್‌ನ 12.3 ಬಿಡುಗಡೆಯನ್ನೇ ತಡೆಯಬೇಕಾಯಿತು. ಡೆವಲಪ್‌ಮೆಂಟ್ ಕಡೆ ನೋಡಿದರೆ, 2021ರಲ್ಲಿ 5.12ರ ಮೊದಲ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ವರ್ಷನ್), ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸೋ ಫೈಲ್) ಇಟ್ಟುಕೊಂಡವರ ಫೈಲ್‌ಸಿಸ್ಟಮ್ ಮೇಲೆಯೇ ಬರೆಯುತ್ತಿತ್ತು. ಲಿನಕ್ಸ್ ಹುಟ್ಟಿಸಿದ ಟೋರ್ವಾಲ್ಡ್ಸ್ ಅದರ ಹೆಸರಿಗೇ 'ಡೋಂಟ್‌ಯೂಸ್' ಅಂತ ಸೇರಿಸಿದರು. ಓಡಿಸಿ ಪೆಟ್ಟು ತಿಂದವರು ಇದ್ದಿದ್ದಕ್ಕೇ ತಾನೇ ಗೊತ್ತಾಗಿದ್ದು?

ಹೋಗ್ಲಿ ಬಿಡಿ. ನಾಳೆ ಸುಮ್ನೆ ಸ್ಟೇಬಲ್ ಹಾಕಿಬಿಡುತ್ತೇನೆ.

ಅಲ್ಲ, ಯಾಕೆ ಹಾಕಬೇಕು? ಬೈಸೆಕ್ಟ್ ಮಾಡಿ (ಒಳ್ಳೇ ವರ್ಷನ್‌ಗೂ ಕೆಟ್ಟದ್ದಕ್ಕೂ ನಡುವಿನ ಬದಲಾವಣೆಗಳನ್ನ ಅರ್ಧರ್ಧ ಮಾಡುತ್ತಾ ಕೆಡಿಸಿದ್ದನ್ನ ಹುಡುಕೋದು) ಅಂತ ಇನ್ನೊಬ್ಬರ ಉಪದೇಶ ಬೇರೆ. ಪ್ರತಿ ಸಲ ಕಂಪೈಲ್ ಮಾಡು, ಬೂಟ್ ಮಾಡು, ಕೆಡೋವರೆಗೆ ಕಾಯುತ್ತಾ ಕೂರು. ಕೆಡದಿದ್ದರೆ ಆ ಕಮಿಟ್ (ಕೋಡ್ ಬದಲಾವಣೆ) ಒಳ್ಳೆಯದು ಅಂತಲಾ, ಇನ್ನೂ ಕೆಟ್ಟಿಲ್ಲ ಅಂತಲಾ? ಎಷ್ಟು ಹೊತ್ತು ಕಾದು 'ಗುಡ್' ಅಂತ ಬರೆಯಲಿ? ಯಾರಾದ್ರೂ ಹೇಳ್ರಪ್ಪಾ.