ಹಳೆಯ ವ್ಯಾನೂ ಹೊಸ ಬಣ್ಣದ ಖರ್ಚೂ

ಒಳಗೇ ಮಲಗಿ, ವಾಸಮಾಡುತ್ತ ಪ್ರವಾಸ ಹೋಗುವ ಹಳೆಯ ಕ್ಯಾಂಪರ್ ವ್ಯಾನಿಗೆ ಬಣ್ಣ ಹೊಡೆಸಲು ಹೊರಟವರು ಮೊದಲು ವಿಚಾರಿಸುವುದು ಬಣ್ಣದ ಡಬ್ಬಿಯ ಬೆಲೆಯನ್ನು. ಅಂದಾಜುಪಟ್ಟಿ ಕೈಗೆ ಬಂದಾಗ ಅವರ ಹುಬ್ಬು ಮೇಲೇರುವುದಕ್ಕೆ ಅದೇ ಕಾರಣ. ಆ ಪಟ್ಟಿಯಲ್ಲಿ ಬಣ್ಣದ ಪಾಲು ಚಿಕ್ಕದು, ಅದನ್ನು ಸಿಂಪಡಿಸುವ ಕೂಲಿ ಅದಕ್ಕಿಂತ ತುಸು ದೊಡ್ಡದು. ಉಳಿದದ್ದೆಲ್ಲ ಸ್ಪ್ರೇ ಗನ್ ಕೈಗೆತ್ತಿಕೊಳ್ಳುವ ಮೊದಲು ಬಿಚ್ಚುವುದಕ್ಕೆ, ಹೆರೆಯುವುದಕ್ಕೆ, ಉಜ್ಜುವುದಕ್ಕೆ, ಮುಚ್ಚುವುದಕ್ಕೆ ಹಿಡಿಯುವ ದಿನಗಳ ಬೆಲೆ.

ವ್ಯಾನಿನ ಗಾತ್ರವನ್ನು ನಾವು ಚಕ್ರಗಳಿರುವ ಕಾರಣಕ್ಕೇ ಕಡಿಮೆ ಅಂದಾಜು ಮಾಡುತ್ತೇವೆ. 6 ಮೀಟರ್ ಉದ್ದ, 2 ಮೀಟರ್ ಅಗಲ, 2.6 ಮೀಟರ್ ಎತ್ತರದ ವ್ಯಾನಿನ ಪಕ್ಕ, ಮುಂದು, ಹಿಂದು, ಚಾವಣಿಗಳನ್ನು ಕೂಡಿದರೆ 50 ಚದರ ಮೀಟರ್ ದಾಟುತ್ತದೆ. ಕಿಟಕಿ, ಚಕ್ರ, ನೆಲಕ್ಕೂ ತಳಕ್ಕೂ ನಡುವಿನ ಖಾಲಿ ಜಾಗ ಕಳೆದರೂ ಸುಮಾರು 40 ಉಳಿಯುತ್ತದೆ. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಎಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಏಳೆಂಟನೆಯ ಒಂದು ಪಾಲಿನ ಆಸುಪಾಸು. ಅಷ್ಟು ತೆಳುವಾದ ಹೊದಿಕೆಯನ್ನು ಅಷ್ಟು ಅಗಲದ ಮೈಮೇಲೆ ಎಲ್ಲಿಯೂ ಇಳಿಯದಂತೆ, ಗುಳ್ಳೆ ಏಳದಂತೆ ಕೂರಿಸಬೇಕಾದರೆ ಕೆಳಗಿನ ಮೈ ನಯವಾಗಿರಲೇಬೇಕು. ಆದ್ದರಿಂದ ಒರಟು ಉಪ್ಪುಕಾಗದದಿಂದ ಆರಂಭಿಸಿ ನಯವಾದದ್ದರವರೆಗೆ ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜುತ್ತ ಹೋಗಬೇಕು. ಈ ಉಜ್ಜಾಟದಲ್ಲಿ ಅವಸರ ಮಾಡಿದ್ದು ಅಂದು ಯಾರಿಗೂ ಕಾಣುವುದಿಲ್ಲ. ಬಣ್ಣ ಒಣಗಿ ಬಿಸಿಲು ಓರೆಯಾಗಿ ಬಿದ್ದಾಗ ಎಲ್ಲರಿಗೂ ಕಾಣುತ್ತದೆ.

ಕ್ಯಾಂಪರಿನ ನಿಜವಾದ ತೊಂದರೆಯೆಂದರೆ ಅದು ಒಂದೇ ವಸ್ತುವಿನಿಂದಾದ ವಾಹನವಲ್ಲದಿರುವುದು. ಎಷ್ಟೋ ವ್ಯಾನುಗಳಲ್ಲಿ ಚಾಲಕನ ಭಾಗ ಉಕ್ಕಿನದು, ವಾಸದ ಭಾಗದ ಗೋಡೆ ಅಲ್ಯೂಮಿನಿಯಂ ತಗಡಿನದು, ಎತ್ತರಿಸಿದ ಚಾವಣಿ ಫೈಬರ್ ಗ್ಲಾಸಿನದು. ಒಂದಕ್ಕೆ ಒಗ್ಗುವ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಇನ್ನೊಂದರ ಮೇಲೆ ನಿಲ್ಲದಿರಬಹುದು. ಜೊತೆಗೆ ಕಾರಿಗೆ ಇರದ ಅಲಂಕಾರಗಳೆಲ್ಲ ಇದಕ್ಕುಂಟು: ನೆರಳಿನ ಚಪ್ಪರ, ಗಾಳಿಗಿಂಡಿ, ಏಣಿ, ಸೋಲಾರ್ ಫಲಕ, ನೀರು ತುಂಬುವ ಮುಚ್ಚಳ. ಇವನ್ನು ಬಿಚ್ಚಿದರೆ ಕೂಲಿ ಏರುತ್ತದೆ, ಬಿಚ್ಚದೆ ಸುತ್ತಲೂ ಟೇಪು ಹಚ್ಚಿದರೆ ಆ ಅಂಚಿನಿಂದಲೇ ಹೊಸ ಬಣ್ಣ ಸುಲಿಯಲು ತೊಡಗುತ್ತದೆ. ಅಕ್ರಿಲಿಕ್ ಕಿಟಕಿಗಳಿಗೆ ತಿನ್ನರ್ ತಾಗಿದರೆ ಕೂದಲೆಳೆಯ ಬಿರುಕುಗಳು ಮೂಡಬಹುದು. ಹಿಂದಿನ ಮಾಲೀಕರು ಸೋರುವ ಕಡೆಯೆಲ್ಲ ಧಾರಾಳವಾಗಿ ಬಳಿದ ಸಿಲಿಕೋನ್ ಸ್ವಲ್ಪ ಉಳಿದುಕೊಂಡರೂ ಸಾಕು, ಹಸಿ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಕುಳಿಗಳಾಗುತ್ತವೆ. (ಮಳೆ ನೀರನ್ನು ತಡೆಯದ ಸಿಲಿಕೋನ್ ಬಣ್ಣವನ್ನು ಮಾತ್ರ ತಪ್ಪದೆ ತಡೆಯುತ್ತದೆ.)

ಇನ್ನು ತುಕ್ಕು. ಅನುಭವಸ್ಥ ಬಣ್ಣಗಾರ ನಿಶ್ಚಿತ ಮೊತ್ತ ಹೇಳಲು ಹಿಂಜರಿದರೆ ಅದನ್ನು ಜಾಣತನವೆಂದು ಭಾವಿಸಬೇಕೇ ಹೊರತು ಮೋಸವೆಂದಲ್ಲ. ಕಿಟಕಿಯ ರಬ್ಬರಿನ ಅಡಿಯಲ್ಲಿ, ಚಕ್ರದ ಕಮಾನಿನ ಒಳಗೆ, ಚಾವಣಿಯಂಚಿನ ಮಳೆನೀರಿನ ಕಾಲುವೆಯ ಸಂದಿನಲ್ಲಿ ಏನಿದೆಯೆಂಬುದು ಅವುಗಳನ್ನು ತೆರೆಯುವ ತನಕ ಅವನಿಗೂ ತಿಳಿಯದು. ಹೊರಗೆ ಕಡಲೆ ಗಾತ್ರದ ಗುಳ್ಳೆಯಾಗಿ ಕಾಣುವ ತುಕ್ಕು ಒಳಗೆ ಅಂಗೈಯಗಲ ಹಬ್ಬಿರುವುದು ಅಪರೂಪವೇನಲ್ಲ. ಅಲ್ಲಿ ತಗಡು ಕತ್ತರಿಸಿ ಹೊಸ ತುಂಡನ್ನು ಬೆಸೆಯಬೇಕು. ಬರೀ ಪುಟ್ಟಿ ಮೆತ್ತಿದರೆ ಅದು ತೇವ ಹೀರಿಕೊಂಡು ಕೆಲವೇ ಮಳೆಗಾಲಗಳಲ್ಲಿ ಎದ್ದು ಬರುತ್ತದೆ. ಬಣ್ಣಕ್ಕೆಂದು ಎತ್ತಿಟ್ಟ ಹಣ ಟಿಂಕರಿಂಗ್‌ನಲ್ಲೇ ಕರಗಿ, ವ್ಯಾನು ಪ್ರೈಮರಿನ ಬೂದುಬಣ್ಣದಲ್ಲೇ ತಿಂಗಳುಗಟ್ಟಲೆ ತಿರುಗಾಡುವುದು ಹೀಗೆ.

ಬಣ್ಣದ ಆಯ್ಕೆಯೂ ಪುಕ್ಕಟೆಯಲ್ಲ. ಇದ್ದ ಬಣ್ಣವನ್ನೇ ಮತ್ತೆ ಹೊಡೆಸಿದರೆ ಬಾಗಿಲಿನ ಒಳ ಅಂಚು, ಡಿಕ್ಕಿಯ ಸಂದುಗಳನ್ನು ಹಾಗೆಯೇ ಬಿಡಬಹುದು; ಬೇರೆ ಬಣ್ಣವಾದರೆ ಪ್ರತಿ ಬಾಗಿಲು ತೆರೆದಾಗಲೂ ಹಳೆಯದು ಇಣುಕುತ್ತದೆ. 1950ರಲ್ಲಿ ಫೋಕ್ಸ್‌ವ್ಯಾಗನ್ ಹೊರತಂದ ಮೊದಲ ತಲೆಮಾರಿನ ವ್ಯಾನಿನ ಮುಖದಲ್ಲಿದ್ದ 'ವಿ' ಆಕಾರದ ಇಬ್ಬಣ್ಣದ ಸೊಗಸನ್ನು ನೋಡಿ ಮನಸೋತವರು, ಎರಡನೆಯ ಬಣ್ಣವೆಂದರೆ ಎರಡನೆಯ ಬಾರಿ ಟೇಪು, ಕಾಗದ, ಒಣಗುವ ಕಾಯುವಿಕೆ ಎಂಬುದನ್ನೂ ನೋಡಬೇಕು. ನನ್ನನ್ನು ಕೇಳಿದರೆ ಬಿಳಿಯೇ ಲೇಸು. ಬಿಸಿಲಿಗೆ ಕಡಿಮೆ ಕಾಯುತ್ತದೆ, ಮೈಯ ಉಬ್ಬುತಗ್ಗುಗಳನ್ನು ಕಪ್ಪಿನಷ್ಟು ಬಯಲು ಮಾಡುವುದಿಲ್ಲ.

ರೋಲರು ಹಿಡಿದು ತಾವೇ ಬಳಿಯುವವರನ್ನು ಕಂಡು ನಾನು ನಗುವುದಿಲ್ಲ. ಹೊಳಪು ಸಾಲದಿದ್ದರೂ ತುಕ್ಕಿಗೆ ತಡೆಯಾಗುತ್ತದೆ, ಗೀರು ಬಿದ್ದರೆ ಅದೇ ಡಬ್ಬಿಯಿಂದ ತೇಪೆ ಹಾಕಬಹುದು. ಆದರೆ ಐಸೊಸಯನೇಟ್ ಎಂಬ ರಾಸಾಯನಿಕವಿರುವ ಗಟ್ಟಿಕಾರಕವನ್ನು ಬೆರೆಸಿ ಬಳಸುವ ಎರಡು ಭಾಗದ ಬಣ್ಣವನ್ನು ಮನೆಯ ಶೆಡ್ಡಿನಲ್ಲಿ ಸಿಂಪಡಿಸುವ ಉಳಿತಾಯ ಬೇಡ. ಅದರ ಮಂಜು ಶ್ವಾಸಕೋಶಕ್ಕಿಳಿದರೆ ಅಸ್ತಮಾ ತರಬಲ್ಲದು, ಸಾದಾ ಬಟ್ಟೆಯ ಮುಸುಕಿಗೆ ಅದು ಜಗ್ಗದು.

ಇಷ್ಟೆಲ್ಲ ಸುರಿದ ಹಣ ವ್ಯಾನು ಮಾರುವಾಗ ಪೂರ್ತಿ ಹಿಂದಿರುಗುವುದು ವಿರಳ. ಅದಕ್ಕಿಂತ ವಿಚಿತ್ರವೆಂದರೆ, ಹಳೆಯ ವ್ಯಾನಿನ ಮೇಲೆ ಹೊಸ ಬಣ್ಣ ಕಂಡೊಡನೆ ಕೊಳ್ಳಲು ಬಂದವರಿಗೆ ಸಂತೋಷದ ಬದಲು ಸಂಶಯ ಹುಟ್ಟುತ್ತದೆ. ಪುಟ್ಟಿ ಎಲ್ಲಿದೆಯೆಂದು ತಿಳಿಯಲು ಕೆಲವರು ಜೇಬಿನಿಂದ ಅಯಸ್ಕಾಂತ ತೆಗೆಯುತ್ತಾರೆ, ಅದು ಅಲ್ಯೂಮಿನಿಯಂ ಗೋಡೆಗೆ ಅಂಟದಿದ್ದಾಗ ಅರ್ಥಪೂರ್ಣವಾಗಿ ತಲೆಯಾಡಿಸುತ್ತಾರೆ. ಇಂಥವರ ಬಾಯಿ ಮುಚ್ಚಿಸಲು ಹಳೆಯ ಬಣ್ಣ ಹೆರೆದು, ಲೋಹ ಬರಿಮೈಯಲ್ಲಿ ನಿಂತ ದಿನವೇ ಸುತ್ತಲೂ ಓಡಾಡಿ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಅಂದಾಜುಪಟ್ಟಿಯಲ್ಲಿ ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.